ಟವೆಲ್ಲೂ ನನ್ನ ಪರಿಚಯ ಸಹಿಯೂ

ಮನೆಯಲ್ಲಿ ಒಂದೇ ಟವೆಲ್ಲನ್ನು ನಾಲ್ಕು ದಿನ ಬಳಸುವವನು ನಾನು. ನಾಲ್ಕನೆಯ ದಿನ ನನ್ನಾಕೆ ಕಿತ್ತುಕೊಂಡು ಬಕೆಟ್ಟಿಗೆ ಹಾಕದಿದ್ದರೆ ಐದನೆಯ ದಿನವೂ ಅದೇ. ಅಂಥವನು ಎರಡು ವರ್ಷದ ಹಿಂದೆ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ, ಒಂದೇ ಸಲ ಮೈ ಒರೆಸಿಕೊಂಡ ಟವೆಲ್ಲನ್ನು ಬೇಕೆಂದೇ ನೆಲಕ್ಕೆ ಎಸೆದೆ.

ನೆಂಟರ ಮದುವೆಗೆ ಹೋಗಿದ್ದೆವು. ಬಚ್ಚಲಿನ ಗೋಡೆಯ ಮೇಲೆ ಹಸಿರು ಎಲೆಯ ಚಿತ್ರವಿದ್ದ ಒಂದು ಚೀಟಿ. ಭೂಮಿಯನ್ನು ಉಳಿಸಬೇಕಂತೆ, ಅದಕ್ಕಾಗಿ ಟವೆಲ್ಲನ್ನು ತೂಗುಹಾಕಿ ಮತ್ತೆ ಬಳಸಬೇಕಂತೆ, ಒಗೆಯಲೇಬೇಕಾದರೆ ನೆಲದ ಮೇಲೆ ಬಿಡಬೇಕಂತೆ. ಆ ಚೀಟಿಯ ಕೆಳಗೇ ಹೆಬ್ಬೆರಳು ಗಾತ್ರದ ಆರು ಪ್ಲಾಸ್ಟಿಕ್ ಬಾಟಲಿಗಳು! ರೂಮಿನ ಕಿಟಕಿ ತೆರೆಯಲು ಬರುವುದಿಲ್ಲ. ನನ್ನಾಕೆಗೆ ಉಬ್ಬಸ. ರೂಮಿಗೆ ಹೊಡೆದಿದ್ದ ಸುಗಂಧಕ್ಕೆ ರಾತ್ರಿಯೆಲ್ಲ ಕೆಮ್ಮಿದಳು. ಬೆಳಿಗ್ಗೆ ಚೀಟಿ ಓದಿ ನನಗೆ ಸಿಟ್ಟು ನೆತ್ತಿಗೇರಿತು. ಒಗೆಯುವ ಖರ್ಚು ಉಳಿಯುವುದು ಅವರಿಗೆ, ಬಾಡಿಗೆಯಲ್ಲಿ ನನಗೆ ಒಂದು ರೂಪಾಯಿ ಕಡಿಮೆಯಿಲ್ಲ. ಜಮಾ-ಖರ್ಚು ಬರೆದೇ ತಲೆ ನೆರೆತವನಿಗೆ ಇಷ್ಟೂ ತಿಳಿಯುವುದಿಲ್ಲವೇ?

ಹೀಗೆ ಸಿಟ್ಟಾದವನು ನಾನೊಬ್ಬನೇ ಅಲ್ಲ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ ಎಂಬುವರು 1986ರಲ್ಲಿ ಹೋಟೆಲುಗಳ ಇಂಥದೇ ಟವೆಲ್ ಚೀಟಿಗಳ ಬಗ್ಗೆ ಬರೆಯುತ್ತ ‘ಗ್ರೀನ್‌ವಾಷಿಂಗ್’ ಎಂಬ ಪದವನ್ನೇ ಹುಟ್ಟಿಸಿದರು. ಹಸಿರು ಸುಣ್ಣ ಬಳಿಯುವುದು ಎನ್ನಬಹುದೇನೋ.

ಆ ಡಿಸೆಂಬರಿನಲ್ಲಿ ಮಗಳು ನಮ್ಮನ್ನೆಲ್ಲ ಸಕಲೇಶಪುರದ ಕಡೆಯ ಒಂದು ಹೋಂಸ್ಟೇಗೆ ಕರೆದುಕೊಂಡು ಹೋದಳು. ಹಂಚಿನ ಮನೆ, ಅಂಗಳದಲ್ಲಿ ಒಣಗಲು ಹರಡಿದ ಕಾಫಿ ಹಣ್ಣು. ಎ.ಸಿ. ಇಲ್ಲ. ಸ್ನಾನದ ನೀರು ಕಾಯುವುದು ಹಂಡೆಯಲ್ಲಿ, ಒಲೆಗೆ ತೋಟದಲ್ಲಿ ಸವರಿದ ರೆಂಬೆಗಳು. ಚೀಟಿ ಎಲ್ಲೂ ಕಾಣಲಿಲ್ಲ. ಮನೆಯ ಯಜಮಾನರು ಮಾತಿನ ನಡುವೆ, “ಏಪ್ರಿಲ್‌ಗೆ ಬಾವಿ ತಳ ಕಾಣುತ್ತೆ ಸಾರ್. ಬಟ್ಟೆ ಒಗೆಯೋಳೂ ನಮ್ಮ ಮನೆಯವಳೇ” ಎಂದರು, ಅಷ್ಟೆ. ಮರುದಿನ ಬೆಳಿಗ್ಗೆ ನಾನು ಟವೆಲ್ಲನ್ನು ಹಿಂಡಿ ಹಗ್ಗದ ಮೇಲೆ ಹರವುತ್ತಿದ್ದೆ. ಎಂಟು ವರ್ಷದ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

“ತಾತ, ಅವತ್ತು ಹೋಟ್ಲಲ್ಲಿ ಎಸೆದ್ರಿ. ಇಲ್ಲಿ ಯಾಕೆ ಒಣಗಾಕ್ತಿದ್ದೀರಿ?”

“ಪರಿಸರ ಉಳೀಬೇಕಲ್ವಾ ಪುಟ್ಟೀ.”

“ಅಲ್ಲಿ ಪರಿಸರ ಇರ್ಲಿಲ್ವಾ?”

ತಿಂಡಿಗೆ ಕರೆದರೆಂದು ಬಚಾವಾದೆ.

ನಿಜ ಹೇಳಬೇಕೆಂದರೆ, ನಾನು ಆ ಮನೆಯನ್ನು ಮೆಚ್ಚಿದ್ದು ಪರಿಸರಕ್ಕಾಗಿ ಅಲ್ಲ. ಕಿಟಕಿ ತೆರೆಯುತ್ತಿತ್ತು, ನನ್ನಾಕೆ ಮೂರು ರಾತ್ರಿ ಕೆಮ್ಮದೆ ಮಲಗಿದಳು. ಅಕ್ಕಿ ರೊಟ್ಟಿ ಚೆನ್ನಾಗಿತ್ತು. ಪರಿಸರ ಇವುಗಳ ಜೊತೆ ಬಂದ ಕೊಸರು. ಟವೆಲ್ ಹರವಿದ್ದೂ ಭೂಮಿಯ ಮೇಲಿನ ಪ್ರೀತಿಗಲ್ಲ, ಅದನ್ನು ಒಗೆಯುವ ಕೈ ಯಾರದೆಂದು ಗೊತ್ತಾಗಿತ್ತು.

ಮೊಮ್ಮಗಳ ಪ್ರಶ್ನೆ ಕೇಳಿ ನಕ್ಕ ಮಗಳು ಆಮೇಲೊಂದು ಸಂಗತಿ ಹೇಳಿದಳು. ಅಮೆರಿಕದ ಮೂವರು ಸಂಶೋಧಕರು ಇದೇ ಟವೆಲ್ ಚೀಟಿಯನ್ನು ಪರೀಕ್ಷೆ ಮಾಡಿ 2008ರಲ್ಲಿ ಪ್ರಕಟಿಸಿದ್ದಾರೆ. ಪರಿಸರ ಉಳಿಸಿ ಎಂದಷ್ಟೇ ಬರೆದಾಗ ಸುಮಾರು 35 ಶೇಕಡಾ ಅತಿಥಿಗಳು ಟವೆಲ್ಲನ್ನು ಮತ್ತೆ ಬಳಸಿದರು. ಇಲ್ಲಿನ ಅತಿಥಿಗಳಲ್ಲಿ ಹೆಚ್ಚಿನವರು ಹಾಗೆ ಬಳಸುತ್ತಾರೆ ಎಂದು ಬರೆದಾಗ 44. ಇದೇ ರೂಮಿನಲ್ಲಿ ಹಿಂದೆ ಇದ್ದವರಲ್ಲಿ ಹೆಚ್ಚಿನವರು ಬಳಸಿದ್ದಾರೆ ಎಂದಾಗ 49! ನನಗೆ ಆಶ್ಚರ್ಯವಾಗಲಿಲ್ಲ. ಬ್ಯಾಂಕಿನಲ್ಲಿ ಉಳಿತಾಯದ ಮಹಿಮೆ ಸಾರುವ ಪೋಸ್ಟರ್ ನೋಡಿ ಯಾರೂ ಆರ್‌ಡಿ ಮಾಡಿಸಿದ್ದನ್ನು ನಾನು ಕಾಣೆ. ಪಕ್ಕದ ಮನೆಯವರು ಮಾಡಿಸಿದರೆಂದರೆ ವಾರದೊಳಗೆ ಇವರೂ ಬಂದು ಫಾರಂ ಕೇಳುತ್ತಿದ್ದರು.

ನಾನೂ ಅಂಥ ಪಕ್ಕದ ಮನೆಯವನಾದೆ. ಕಂಡವರಿಗೆಲ್ಲ ಹೋಂಸ್ಟೇ ನಂಬರು ಕೊಟ್ಟೆ. ಹಳೆಯ ಸಹೋದ್ಯೋಗಿ, ಕ್ಯಾಷಿಯರ್ ಆಗಿದ್ದ ಗೆಳೆಯ, ನನ್ನ ಮಾತು ಕೇಳಿ ಮಗ ಸೊಸೆಯೊಡನೆ ಏಪ್ರಿಲಿನಲ್ಲಿ ಹೋದ. ಎರಡನೆಯ ದಿನವೇ ಫೋನು.

“ಏನಯ್ಯಾ, ಎಲ್ಲಿಗೆ ಕಳಿಸಿದ್ದೀಯ ನನ್ನನ್ನ? ತಲೆಗೆ ಒಂದೇ ಬಕೆಟ್ ನೀರು. ಎಂಟು ಗಂಟೆ ಮೇಲೆ ಬಿಸಿನೀರಿಲ್ಲ. ಸೆಕೆಗೆ ಸೊಸೆ ಮುಖ ಊದಿಸಿಕೊಂಡಿದ್ದಾಳೆ.”

ಅದಾದ ಮೇಲೆ ಎರಡು ತಿಂಗಳು ಅವನು ನನ್ನೊಡನೆ ಮಾತಾಡಲಿಲ್ಲ. ನಲವತ್ತು ವರ್ಷದ ಸ್ನೇಹ. ಬೆಳಗಿನ ವಾಕಿಂಗಿಗೂ ಬೇರೆ ರಸ್ತೆ ಹಿಡಿದ.

ನಮ್ಮ ಕಾಲದಲ್ಲಿ ಹೊಸ ಖಾತೆ ತೆರೆಯಲು ಹಳೆಯ ಗಿರಾಕಿಯೊಬ್ಬರ ಪರಿಚಯ ಸಹಿ ಬೇಕಿತ್ತು. ಗುರುತಿಲ್ಲದವರಿಗೆಲ್ಲ ಸಹಿ ಹಾಕಬೇಡಿ ಎಂದು ಎಷ್ಟು ಜನರಿಗೆ ನಾನೇ ಕೌಂಟರಿನಲ್ಲಿ ಬುದ್ಧಿ ಹೇಳಿದ್ದೇನೆ! ಈಗ ನನ್ನ ಸಹಿಯನ್ನು ನಾನೇ ಹಗುರ ಮಾಡಿಕೊಂಡಿದ್ದೆ. ಅಕ್ಕಿ ರೊಟ್ಟಿ, ಗಾಳಿ, ನಿದ್ದೆ ಎಲ್ಲ ವರ್ಣಿಸಿದ್ದೆ. ಯಜಮಾನರು ಬಾಯಿಬಿಟ್ಟು ಹೇಳಿದ್ದ ಬಾವಿಯ ಮಾತನ್ನು ನುಂಗಿದ್ದೆ. ಹೋಟೆಲಿನವರ ಚೀಟಿಯನ್ನು ಆಡಿಕೊಂಡವನು ಮಾಡಿದ್ದೂ ಅದನ್ನೇ.

ಈಗ ಯಾರಾದರೂ ಕೇಳಿದರೆ ಮೊದಲು ಕೊರತೆಗಳ ಪಟ್ಟಿ ಒಪ್ಪಿಸುತ್ತೇನೆ. ಬಿಸಿನೀರು ಆರರಿಂದ ಎಂಟು. ಎ.ಸಿ. ಇಲ್ಲ. ಬೇಸಿಗೆಯಲ್ಲಿ ನೀರು ಅಳತೆ. ಮೊಬೈಲ್ ಸಿಗ್ನಲ್ ಬೇಕಾದರೆ ಗೇಟಿನವರೆಗೆ ನಡೆಯಬೇಕು. ಇಷ್ಟು ಕೇಳಿಯೂ ನಂಬರು ಬೇಕೆಂದವರಿಗೆ ಮಾತ್ರ ಕೊಡುತ್ತೇನೆ. ಕೆಲವರು ಬೇಡವೆನ್ನುತ್ತಾರೆ, ಹೋಗಿ ಬಂದವರು ಯಾರೂ ನನ್ನನ್ನು ಬೈದಿಲ್ಲ.

ಕ್ಯಾಷಿಯರ್ ಗೆಳೆಯ ಕಳೆದ ವಾರ ತಾನಾಗಿಯೇ ಫೋನು ಮಾಡಿದ. ಅದೂ ಇದೂ ಮಾತಾಡಿ ಕೊನೆಗೆ, “ಡಿಸೆಂಬರ್‌ನಲ್ಲಿ ಅಲ್ಲಿ ರೂಮು ಸಿಗುತ್ತಾ, ಸ್ವಲ್ಪ ಕೇಳಿ ನೋಡಯ್ಯ. ನನ್ನ ಹೆಸರು ಹೇಳಬೇಡ” ಎಂದ. ಯಾಕೆಂದು ನಾನು ಕೇಳಲಿಲ್ಲ. ಎರಡು ರೂಮು ಹೇಳಿದ್ದೇನೆ, ಒಂದು ನಮಗೆ.