ಪೆನ್ಸಿಲಿನ ಗೆರೆಗಳು

ಬದುಕನ್ನು ತಿದ್ದಿಕೊಳ್ಳುವ ಬಗೆಯನ್ನು ಬೋಧಿಸುವ ಪುಸ್ತಕಗಳನ್ನು ಜನರು ಹೇಗೆ ಓದುತ್ತಾರೆಂದು ತಿಳಿಯಬೇಕಾದರೆ ವಾಚನಾಲಯದ ಹಳೆಯ ಪ್ರತಿಯೊಂದನ್ನು ತೆರೆದು ನೋಡಬೇಕು. ಪುಟಪುಟಕ್ಕೂ ಪೆನ್ಸಿಲಿನ ಗೆರೆಗಳು! ಕೋಪವನ್ನು ಗೆಲ್ಲುವ ಅಧ್ಯಾಯದಲ್ಲಿ ಗೆರೆ ಎಳೆದವರು ಕೋಪಿಷ್ಠರಲ್ಲ, ಕೋಪಿಷ್ಠರ ಮನೆಯವರು. ಮಿತವ್ಯಯದ ಪುಟವನ್ನು ಗಂಡನು ಹೆಂಡತಿಗೆಂದು ಮಡಿಚಿಟ್ಟಿರುತ್ತಾನೆ. ಮಿತಭಾಷಣದ ಪುಟವನ್ನು ಸೊಸೆಯು ಅತ್ತೆಯ ಕಣ್ಣಿಗೆ ಬೀಳುವಂತೆ ತೆರೆದಿಟ್ಟಿರುತ್ತಾಳೆ. ಪುಸ್ತಕ ಕೊಂಡವರು ತಮಗಾಗಿಯೇ ಕೊಂಡರೆಂದು ನಂಬುವುದು ಕಷ್ಟ.

ತಮಗೆಂದೇ ಓದಿ ಆಚರಣೆಗೆ ಇಳಿಸುವವರ ಪಾಡು ಬೇರೆ. ಗೆಳೆಯರನ್ನು ಗಳಿಸುವ ಉಪಾಯಗಳನ್ನು ಕುರಿತ ಡೇಲ್ ಕಾರ್ನೆಗಿಯ ಪುಸ್ತಕವು 1936ರಲ್ಲಿ ಅಮೆರಿಕದಲ್ಲಿ ಹೊರಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಮರುವರ್ಷವೇ ಇರ್ವಿಂಗ್ ಟ್ರೆಸ್ಲರ್ ಎಂಬಾತನು ಗೆಳೆಯರನ್ನು ಕಳೆದುಕೊಳ್ಳುವ ಬಗೆಯನ್ನು ಹೇಳಿ ಅಣಕು ಪುಸ್ತಕವೊಂದನ್ನು ಬರೆದ. ಎದುರಿಗಿರುವವರನ್ನು ಹೆಸರು ಹಿಡಿದು ಮಾತನಾಡಿಸಬೇಕು, ಸದಾ ನಗುಮುಖವಿರಬೇಕು ಎಂಬುವು ಕಾರ್ನೆಗಿಯ ಮುಖ್ಯ ಸೂತ್ರಗಳು. ಅಮೆರಿಕದಲ್ಲಿ ಸರಿ. ನಮ್ಮ ಕಡೆ ಹೊಸ ಅಳಿಯನು ಮಾವನವರನ್ನು ಹೆಸರು ಹಿಡಿದು ಕರೆದರೆ ಮೊದಲ ದೀಪಾವಳಿಯ ಉಡುಗೊರೆಯ ಗತಿ ಏನಾದೀತು? ಲೆಕ್ಕ ತಪ್ಪಿದ ದಿನ ಗುಮಾಸ್ತನು ಸಾಹೇಬರ ಮುಂದೆ ಮಂದಹಾಸ ಬೀರುತ್ತ ನಿಂತರೆ?

ಆದರೂ ನಗೆಯಾಡಿ ತಳ್ಳಿಬಿಡುವಂತಿಲ್ಲ. ಸ್ಯಾಮ್ಯುಯೆಲ್ ಸ್ಮೈಲ್ಸನ ‘ಸೆಲ್ಫ್ ಹೆಲ್ಪ್’ 1859ರಲ್ಲಿ ಪ್ರಕಟವಾದಾಗ, ಹೆಸರನ್ನಷ್ಟೇ ನೋಡಿ ಇದು ಸ್ವಾರ್ಥದ ಸ್ತುತಿ ಎಂದು ಕೆಲವರು ಬಗೆದರು. 1866ರ ಆವೃತ್ತಿಯ ಮುನ್ನುಡಿಯಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಆ ಪುಸ್ತಕದ ಮೂಲವಿದ್ದದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಬಡ ತರುಣರ ಮುಂದೆ ಅವನು ಮಾಡಿದ ಭಾಷಣಗಳಲ್ಲಿ. ಚಳಿಗಾಲದ ಸಂಜೆಗಳಲ್ಲಿ ಅವರು ಸೇರಿ ತಮಗೆ ಬಂದಷ್ಟನ್ನು ಒಬ್ಬರಿಗೊಬ್ಬರು ಕಲಿಸಿಕೊಳ್ಳುತ್ತಿದ್ದರು. ಕೆಲಕಾಲ ಕಾಲರಾ ರೋಗಿಗಳನ್ನು ಇರಿಸಿದ್ದ ಕೋಣೆಯೇ ಅವರ ಶಾಲೆಯಾಯಿತು. ಕಲಿಯಿರೆಂದು ಯಾರೂ ಅವರನ್ನು ದೂಡಿರಲಿಲ್ಲ. ಭಾಷಣಕ್ಕೆ ಕರೆದವರೂ ಅವರೇ.

ಸೌಂದರ್ಯದ ಪುಸ್ತಕಗಳ ವಿಷಯದಲ್ಲಿ ಈ ಸ್ವಾತಂತ್ರ್ಯ ಎಷ್ಟು ಹುಡುಗಿಯರಿಗೆ ಉಂಟು? ಗಂಡಿನ ಕಡೆಯವರು ನೋಡಲು ಬರುವ ವಾರ ಚಿಕ್ಕಮ್ಮನೊಬ್ಬಳು ಅಂಥದೊಂದನ್ನು ತಂದು, “ಸುಮ್ಮನೆ ಓದಿ ನೋಡೇ, ಚೆನ್ನಾಗಿದೆ” ಎನ್ನುತ್ತಾಳೆ. ಅವಳ ಅಕ್ಕರೆಯಲ್ಲಿ ಸುಳ್ಳಿಲ್ಲ. ಹುಡುಗಿ ತೆರೆಯುತ್ತಾಳೆ. ಕೂದಲಿನ ಆರೈಕೆ, ಸೀರೆಯ ಆಯ್ಕೆ, ನಡಿಗೆಯ ನಿಲುವು, ಎಲ್ಲವೂ ಗೆರೆಯಿಲ್ಲದೆ ಸ್ವಚ್ಛವಾಗಿವೆ. ಮೈಬಣ್ಣವನ್ನು ಬೆಳ್ಳಗಾಗಿಸುವ ಪುಟದಲ್ಲಿ ಮಾತ್ರ, ಕಡಲೆಹಿಟ್ಟು, ಹಾಲಿನ ಕೆನೆ, ನಿಂಬೆರಸಗಳ ಅಳತೆಯ ಕೆಳಗೆ, ದಪ್ಪನೆಯ ಎರಡು ಗೆರೆ. ಕಡಲೆಹಿಟ್ಟು ಕೊಳೆಯನ್ನು ತೆಗೆದೀತು. ಹುಟ್ಟಿನಿಂದ ಬಂದ ಬಣ್ಣವನ್ನು ತೆಗೆಯಲಾರದು. ಇದು ಚಿಕ್ಕಮ್ಮನಿಗೂ ತಿಳಿಯದ್ದಲ್ಲ.

ಹುಡುಗಿ ಏನನ್ನೂ ಹೇಳುವುದಿಲ್ಲ. “ಓದಿದೆಯಾ?” ಎಂದು ಕೇಳಿದರೆ, “ಓದಿದೆ ಚಿಕ್ಕಮ್ಮ, ನಡಿಗೆಯ ಅಧ್ಯಾಯ ಚೆನ್ನಾಗಿದೆ” ಎಂದು ಹೇಳಿ ಒಳಗೆ ಹೋಗುತ್ತಾಳೆ.