ಜಿಯಾನೂ ಅಪ್ಪನ ಬೋರ್ ಮೋಟಾರೂ

ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ ಟೀ ಕುಡೀತಾ ಒಂದು ಲೆಕ್ಕ ಒಪ್ಪಿಸಿದ. "ಅಣ್ಣಾ, ಎಂಬತ್ತು ಸಾವಿರದ ಲ್ಯಾಪ್‌ಟಾಪಲ್ಲಿ ಆರು ಕೋರ್ ಬರುತ್ತೆ. ಎಸ್‌ಪಿ ರೋಡಲ್ಲಿ ಸರ್ವರ್ ಪ್ರಾಸೆಸರ್ ಇರೋ ಸೆಕೆಂಡ್ ಹ್ಯಾಂಡ್ ಮೆಷೀನು ನಲವತ್ತು ಸಾವಿರ, ಹದಿನಾಲ್ಕು ಕೋರು. ಅರ್ಧ ದುಡ್ಡಿಗೆ ಎರಡು ಪಟ್ಟಿಗಿಂತ ಜಾಸ್ತಿ! ಇಷ್ಟಾದ್ಮೇಲೂ ಲ್ಯಾಪ್‌ಟಾಪ್ ತಗೊಳ್ಳೋನು ದಡ್ಡ ಅಲ್ವಾ?"

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಇದೇ ಲೆಕ್ಕವನ್ನ ಇದೇ ಹುಮ್ಮಸ್ಸಲ್ಲಿ 2021ರಲ್ಲಿ ನಾನೂ ಹಾಕಿದ್ದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ.

ಆ ವರ್ಷ ಎರಡನೇ ಲಾಕ್‌ಡೌನ್ ಶುರುವಾದಾಗ ನಾನು ಹೆಂಡತಿ ಜೊತೆ ಊರಿಗೆ ಬಂದುಬಿಟ್ಟಿದ್ದೆ. ತಿಪಟೂರಿಂದ ಹತ್ತು ಕಿಲೋಮೀಟರ್ ಒಳಗೆ ನಮ್ಮೂರು. ತೆಂಗಿನ ತೋಟ, ಒಂದು ಬೋರು, ಅಟ್ಟದ ಮೇಲೆ ಕೊಬ್ಬರಿ. ನಾನು ಬಿ.ಇ. ಓದುವಾಗ ಅಪ್ಪ ಇದೇ ಕೊಬ್ಬರಿ ಮಾರಿ ನನಗೊಂದು ಪೆಂಟಿಯಂ 4 ಕಂಪ್ಯೂಟರ್ ಕೊಡಿಸಿದ್ದ. ಅದರ ಮೇಲೆ ಕಲಿತ ವಿದ್ಯೆಯಿಂದಲೇ ಇವತ್ತು ಊಟ ಮಾಡ್ತಿರೋದು. ಆದ್ರೆ 2021ರಲ್ಲಿ ಆ ಊಟಕ್ಕೂ ಸಂಚಕಾರ ಬರೋ ಲಕ್ಷಣ ಇತ್ತು. ನಮ್ಮ ಪ್ರಾಜೆಕ್ಟ್ ಮುಗೀತಾ ಬಂದಿತ್ತು. ಕುಬರ್ನೆಟೀಸ್, ಕ್ಲೌಡ್ ಅಂತ ಗೊತ್ತಿದ್ದವರಿಗೆ ಬೇರೆ ಪ್ರಾಜೆಕ್ಟು, ಗೊತ್ತಿಲ್ಲದವರಿಗೆ ಬೆಂಚು. ಬೆಂಚಾದ ಮೇಲೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕಲೀಬೇಕು ಅಂದ್ರೆ ಮನೇಲಿ ಐದಾರು ವರ್ಚುವಲ್ ಮೆಷೀನ್ ಒಟ್ಟಿಗೆ ಓಡಿಸಬೇಕು. ಆಫೀಸಿನ ಲ್ಯಾಪ್‌ಟಾಪಲ್ಲಿ ಅದಕ್ಕೆ ಪರ್ಮಿಷನ್ ಇಲ್ಲ. ನನ್ನ ಸ್ವಂತದ್ದು ಹಳೇದು, 8 ಜಿಬಿ ರ‍್ಯಾಮು, ಎರಡನೇ ಮೆಷೀನ್ ಶುರು ಮಾಡುವಷ್ಟರಲ್ಲಿ ಮೌಸೇ ಅಲ್ಲಾಡ್ತಿರಲಿಲ್ಲ. ಸರಿ, ಹೊಸದು ತಗೊಳ್ಳೋಣ ಅಂತ ರಾತ್ರಿಯೆಲ್ಲಾ ಕೂತು ಓದೋಕೆ ಶುರು ಮಾಡಿದೆ.

ಓದ್ತಾ ಹೋದಂಗೆ ಲ್ಯಾಪ್‌ಟಾಪ್ ಮಾರೋರ ಮೇಲೆ ಸಿಟ್ಟು ಬಂತು. ಹೊರಗೆ 'ಐ7' ಅಂತ ಒಂದೇ ಸ್ಟಿಕ್ಕರ್ ಇರುತ್ತೆ, ಒಳಗಡೆ ಬೇರೆ ಬೇರೆ ಪ್ರಾಣಿ. 2020ರ ಹೊತ್ತಿಗೆ ಲ್ಯಾಪ್‌ಟಾಪುಗಳಲ್ಲಿ ಬರ್ತಿದ್ದ ಎರಡು ಐ7 ನೋಡಿ. 10510ಯು ಅನ್ನೋದಕ್ಕೆ ನಾಲ್ಕು ಕೋರು, 15 ವ್ಯಾಟು. 10750ಎಚ್ ಅನ್ನೋದಕ್ಕೆ ಆರು ಕೋರು, 45 ವ್ಯಾಟು. ಹೆಸರಿನ ಕೊನೆಯ ಒಂದು ಅಕ್ಷರದಲ್ಲಿ ಇಷ್ಟು ವ್ಯತ್ಯಾಸ ಅಡಗಿರುತ್ತೆ. ಇನ್ನು ವೇಗ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆಯೋದು 5.0 ಗಿಗಾಹರ್ಟ್ಸ್ ಅಂತ. ಅದು ಟರ್ಬೋ, ಅಂದ್ರೆ ಒಂದು ಗುಕ್ಕಿನ ಓಟ. ಕಂಪನಿಯವರು ಭಾಷೆ ಕೊಡೋ ವೇಗ 10750ಎಚ್‌ಗೆ 2.6 ಅಷ್ಟೇ. ತೆಳ್ಳಗಿನ ಲ್ಯಾಪ್‌ಟಾಪಲ್ಲಿ ಬಿಸಿ ಹೊರಗೆ ಹೋಗೋಕೆ ಜಾಗ ಇಲ್ಲ. ಕೆಲಸ ಕೊಟ್ಟ ಸ್ವಲ್ಪ ಹೊತ್ತು ಹಾರುತ್ತೆ, ಆಮೇಲೆ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಂಡು ಏದುಸಿರು ಬಿಡುತ್ತೆ.

ಈ ಕಡೆ ಜಿಯಾನ್. ಇಂಟೆಲ್‌ನವರು ಸರ್ವರ್, ವರ್ಕ್‌ಸ್ಟೇಷನ್‌ಗಳಿಗೆ ಅಂತ 1998ರಿಂದ ಇಟ್ಟುಕೊಂಡು ಬಂದಿರೋ ಹೆಸರು. ನನ್ನ ಕಣ್ಣಿಗೆ ಬಿದ್ದಿದ್ದು ಇ5-2680 ವಿ4 ಅನ್ನೋದು. 2016ರ ಮಾಲು. ಹದಿನಾಲ್ಕು ಕೋರು, ಇಪ್ಪತ್ತೆಂಟು ಥ್ರೆಡ್ಡು, 35 ಎಂಬಿ ಕ್ಯಾಶ್. ಟರ್ಬೋ ಬರೀ 3.3, ಆದ್ರೆ 2.4ರಲ್ಲಿ ಎಲ್ಲಾ ಕೋರೂ ದಿನಗಟ್ಟಲೆ ದುಡಿಯುತ್ತೆ, ಸುಸ್ತು ಅನ್ನಲ್ಲ. ಮೆಮೊರಿಗೆ ನಾಲ್ಕು ದಾರಿ, ಲ್ಯಾಪ್‌ಟಾಪಿಗೆ ಎರಡು. ಜೊತೆಗೆ ಇಸಿಸಿ. ಮೆಮೊರಿಯಲ್ಲಿ ಯಾವಾಗಲೋ ಒಂದು ಬಿಟ್ ತಾನಾಗೇ ತಿರುಗಿಬಿದ್ದರೆ ಅದನ್ನ ಹಿಡಿದು ಸರಿ ಮಾಡೋ ವ್ಯವಸ್ಥೆ. ತಿಂಗಳುಗಟ್ಟಲೆ ಆಫ್ ಆಗದ ಸರ್ವರಿಗೆ ಇದು ಬೇಕೇ ಬೇಕು. ದಿನಾ ಸಂಜೆ ಮುಚ್ಚಿಡೋ ಲ್ಯಾಪ್‌ಟಾಪಿಗೆ ಅಷ್ಟೇನೂ ಬೇಡ. ಲ್ಯಾಪ್‌ಟಾಪಿಗೆ ಅಂತಲೇ ಜಿಯಾನ್ ಇಲ್ವಾ ಅಂತ ಕೇಳಬಹುದು. ಇದೆ, 2015ರಲ್ಲೇ ಬಂತು. ಆದ್ರೆ ಆ ಇ3-1505ಎಂ ವಿ5ಗೆ ನಾಲ್ಕೇ ಕೋರು, 45 ವ್ಯಾಟು. ಇಸಿಸಿ ಒಂದು ಬಿಟ್ಟರೆ ಆ ಕಾಲದ ಐ7ಗೂ ಅದಕ್ಕೂ ಹೆಚ್ಚುಕಮ್ಮಿ ಅಣ್ಣತಮ್ಮಂದಿರ ಹೋಲಿಕೆ.

ಒಂದು ಸಂಜೆ ಜಗಲಿ ಮೇಲೆ ಕೂತು ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅಪ್ಪ ಓದಿದ್ದು ಏಳನೇ ಕ್ಲಾಸು. ಎಲೆಯಡಿಕೆ ಜಗೀತಾ ಕೇಳಿಸಿಕೊಂಡು, "ಒಂದೇ ಸಮ ಎಷ್ಟು ಹೊತ್ತು ಓಡುಸ್ತೀಯ?" ಅಂದ.

"ಅಪ್ಪಾ, ಇದು ಬೋರ್ ಮೋಟಾರಲ್ಲ" ಅಂತ ನಕ್ಕೆ.

ಅಪ್ಪ ಬಿಡಲಿಲ್ಲ. "ಅದೂ ಹಂಗೇ ಕಣ್ಲ. ನಮ್ಮ ಬೋರಲ್ಲಿ ಇರೋದು ಒಂದೂವರೆ ಇಂಚು ನೀರು. ಅದಕ್ಕೆ ತಕ್ಕಂಗೆ ಮೋಟಾರು ಬಿಟ್ಟಿದೀನಿ. ಸ್ಟೇಜು ಜಾಸ್ತಿ ಇದ್ರೆ ಆಳದಿಂದ ಎತ್ತುತ್ತೆ, ನೀರು ಸಣ್ಣ. ಸ್ಟೇಜು ಕಮ್ಮಿ ಇದ್ರೆ ನೀರು ದಪ್ಪ, ಆಳ ತಡಿಯಲ್ಲ. ಪಕ್ಕದ ತೋಟದೋನು ದಪ್ಪ ನೀರು ಬೀಳ್ಲಿ ಅಂತ ದೊಡ್ಡ ಮೋಟಾರು ಬಿಟ್ಟ. ಹತ್ತು ನಿಮಿಷಕ್ಕೆ ಬೋರು ಬರಿದು. ನೀರಿಲ್ದೆ ಓಡಿ ಓಡಿ ಕಾಯಿಲ್ ಸುಟ್ಕೊಂಡ. ಮೋಟಾರು ಎಷ್ಟು ದೊಡ್ಡದು ಅಂತಲ್ಲ, ಕೆಳಗೆ ಎಷ್ಟು ನೀರೈತೆ ನೋಡ್ಕೋಬೇಕು."

ಹೂಂ ಅಂದೆ. ನನ್ನ ತಲೇಲಿ ಹದಿನಾಲ್ಕು ಕೋರು ಓಡ್ತಿತ್ತು.

ಜುಲೈನಲ್ಲಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡೋಕೆ ಬಂದವನು ಎಸ್‌ಪಿ ರೋಡಿಗೆ ಹೋದೆ. ಹೆಂಡತಿ, "ರೀ, ಸುಮ್ನೆ ಒಂದು ಲ್ಯಾಪ್‌ಟಾಪ್ ತಗೊಳ್ರಿ, ಎಲ್ಲಿ ಬೇಕಾದ್ರೂ ಕೂತ್ಕೊಂಡು ಕೆಲಸ ಮಾಡಬಹುದು" ಅಂದಳು. ನಾನು ಕೋರಿನ ಲೆಕ್ಕ ಹೇಳಿ ಬಾಯಿ ಮುಚ್ಚಿಸಿದೆ. ಮೂವತ್ತೆಂಟು ಸಾವಿರಕ್ಕೆ ಟವರ್ ಬಂತು. ಮಂಚ, ಗ್ಯಾಸ್ ಸ್ಟೌ, ಬೀರುವಿನ ಜೊತೆ ಅದೂ ಟಾಟಾ ಏಸ್ ಹತ್ತಿತು.

ಮೊದಲ ಪಾಠ ಮಾರನೇ ದಿನವೇ ಆಯ್ತು. ಉಳಿತಾಯ ಮಾಡೋಣ ಅಂತ ಬೇರೆ ಅಂಗಡಿಯಿಂದ ಎರಡು ರ‍್ಯಾಮ್ ತಂದಿದ್ದೆ. ಸ್ಲಾಟಿಗೆ ಸರಿಯಾಗಿ ಕೂತವು, ಆದ್ರೆ ಮೆಷೀನು ಎದ್ದೇಳಲೇ ಇಲ್ಲ. ಅಂಗಡಿಯವನಿಗೆ ಫೋನ್ ಮಾಡಿದ್ರೆ, "ಸಾರ್, ನಾನು ಹಾಕಿಕೊಟ್ಟಿರೋದು ರೆಜಿಸ್ಟರ್ಡ್, ನೀವು ತಗೊಂಡಿರೋದು ಡೆಸ್ಕ್‌ಟಾಪಿಂದು. ಎರಡನ್ನೂ ಸೇರಿಸಿದ್ರೆ ಓಡಲ್ಲ" ಅಂದ. ಸರ್ವರ್ ಕುಲದ್ದಕ್ಕೆ ಸರ್ವರ್ ಕುಲದ ಮೆಮೊರಿಯೇ ಆಗಬೇಕು. ಡಿಸ್ಪ್ಲೇ ಕಥೆಯೂ ಅಷ್ಟೇ. ಲ್ಯಾಪ್‌ಟಾಪ್ ಪ್ರಾಸೆಸರಲ್ಲಿ ಗ್ರಾಫಿಕ್ಸ್ ಸಾಮಾನ್ಯವಾಗಿ ಒಳಗೇ ಇರುತ್ತೆ. ಈ ಜಿಯಾನಿಗೆ ಇಲ್ಲ, ಬೇರೆ ಕಾರ್ಡ್ ಬೇಕು. ಪುಣ್ಯಕ್ಕೆ ಅಂಗಡಿಯವನು ಹಳೇ ಕಾರ್ಡೊಂದು ಹಾಕಿಕೊಟ್ಟಿದ್ದ.

ಕೊನೆಗೆ ಎದ್ದಾಗ ಫ್ಯಾನಿನ ಸದ್ದಿಗೆ ಅವ್ವ ಅಡುಗೆಮನೆಯಿಂದ ಓಡಿಬಂದು, "ಇದೇನ್ಲಾ, ಹಿಟ್ಟಿನ ಮಿಲ್ಲು ತಂದಿದೀಯ?" ಅಂದಳು. ಅವತ್ತಿಂದ ಮನೇಲಿ ಅದರ ಹೆಸರು ಮಿಲ್ಲು.

ಮಿಲ್ಲು ಚೆನ್ನಾಗೇ ಓಡ್ತು, ಸುಳ್ಳು ಹೇಳಬಾರದು. ಆರು ವರ್ಚುವಲ್ ಮೆಷೀನು ಒಟ್ಟಿಗೆ ಎದ್ದವು. ಆಫೀಸಿನ ಲ್ಯಾಪ್‌ಟಾಪ್ ಅರ್ಧ ಗಂಟೆ ತಿನ್ನುವಂಥ ಬಿಲ್ಡು ಇದರಲ್ಲಿ ಟೀ ಕುಡಿದು ಬರೋದ್ರೊಳಗೆ ಮುಗೀತಿತ್ತು. ಆದ್ರೆ ಬ್ರೌಸರ್ ತೆಗೆಯೋದು, ಎಡಿಟರಲ್ಲಿ ಟೈಪ್ ಮಾಡೋದು, ಒಂದು ಸಣ್ಣ ಟೆಸ್ಟ್ ಓಡಿಸೋದು, ಇಂಥ ಒಂದೊಂದೇ ಕೆಲಸದಲ್ಲಿ ನನ್ನ ಹೆಂಡತಿಯ ಲ್ಯಾಪ್‌ಟಾಪೇ ಚುರುಕು. ಹದಿನಾಲ್ಕು ಆಳಿದ್ದಾರೆ ಅಂತ ಒಂದು ಕಾಯಿ ಸುಲಿಯೋದು ಬೇಗ ಆಗಲ್ವಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ. ಎರಡು ದಿನ ಬಿಟ್ಟು ನನಗೆ ಒಳಗಿನ ಪ್ರಾಜೆಕ್ಟಿನ ಇಂಟರ್ವ್ಯೂ. ಒಂಬತ್ತು ಗಂಟೆಗೆ ಗಾಳಿಮಳೆ, ಲೈನಿನ ಮೇಲೆ ಎಲ್ಲೋ ತೆಂಗಿನ ಗರಿ ಬಿದ್ದು ಕರೆಂಟು ಹೋಯ್ತು. ಮಿಲ್ಲು ಇನ್ವರ್ಟರ್ ಮೇಲೆ ಓಡ್ತಾ ಇತ್ತು. ಆ ಇನ್ವರ್ಟರ್ ಹಾಕಿಸಿದ್ದೇ ಅಪ್ಪನ ಉಬ್ಬಸಕ್ಕೆ. ರಾತ್ರಿ ಹೊತ್ತು ಉಸಿರು ಕಟ್ಟಿದರೆ ನೆಬ್ಯುಲೈಸರ್ ಹಾಕಬೇಕು, ಅದಕ್ಕೆ ಕರೆಂಟ್ ಬೇಕು.

ಅವ್ವ ಬಂದು, "ಅದುನ್ನ ಆಫ್ ಮಾಡೋ" ಅಂದಳು. "ಹತ್ತು ನಿಮಿಷ ಅವ್ವ" ಅಂದೆ. ಕ್ಲಸ್ಟರ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಕಟ್ಟಬೇಕಿತ್ತು. ಹತ್ತು ನಿಮಿಷ ಎರಡೂವರೆ ಗಂಟೆ ಆಯ್ತು. ಹನ್ನೊಂದೂವರೆಗೆ ಇನ್ವರ್ಟರ್ ಕೂಗಿಕೊಂಡು ನಿಂತುಹೋಯ್ತು. ಬೆಳಿಗ್ಗೆ ನೋಡೋಣ ಅಂತ ಮಲಗಿದೆ.

ಒಂದು ಗಂಟೆಗೆ ಅವ್ವ ಎಬ್ಬಿಸಿದಳು. ಅಪ್ಪ ಮಂಚದ ಮೇಲೆ ಎದ್ದು ಕೂತು, ಎರಡೂ ಕೈ ಮಂಡಿ ಮೇಲೆ ಊರಿಕೊಂಡು ಉಸಿರು ಎಳೀತಿದ್ದ. ಬಾಯಿಗೆ ಹೊಡ್ಕೊಳ್ಳೋ ಪಂಪಲ್ಲಿ ಎರಡು ಸಲಕ್ಕಾಗೋಷ್ಟು ಮಾತ್ರ ಔಷಧಿ ಇತ್ತು, ಅದೂ ಮುಗೀತು. ನೆಬ್ಯುಲೈಸರ್ ಪಕ್ಕದಲ್ಲೇ ಇತ್ತು. ಸ್ವಿಚ್ ಒತ್ತಿದ್ರೆ ಏನಿಲ್ಲ.

ಅಪ್ಪನನ್ನ ಬೈಕಿನ ಹಿಂದೆ ಕೂರಿಸಿಕೊಂಡು, ಮಳೆಯಲ್ಲೇ, ಪಕ್ಕದ ತೋಟದವರ ಮನೆಗೆ ಹೋದೆ. ಹೌದು, ಮೋಟಾರು ಸುಟ್ಟುಕೊಂಡವರ ಮನೆಯೇ. ಅವರ ಇನ್ವರ್ಟರ್ ಜೀವಂತ ಇತ್ತು. ನಡುಮನೇಲಿ ಅಪ್ಪನಿಗೆ ಮಾಸ್ಕ್ ಹಾಕಿ ಮೆಷೀನ್ ಶುರು ಮಾಡಿದ್ವಿ. ಕಾಲು ಗಂಟೆ ಆ ಗುಯ್ ಅನ್ನೋ ಸದ್ದು ಬಿಟ್ಟರೆ ಮನೇಲಿ ಮಾತಿಲ್ಲ. ಅಪ್ಪನ ಹೆಗಲು ಮೆಲ್ಲಗೆ ಇಳೀತು.

ಆಮೇಲೆ ಆ ಮನೆಯ ಯಜಮಾನರು ಕೇಳಿದರು. "ನಿಮ್ಮನೇದು ಇನ್ವರ್ಟರ್ ಏನಾಯ್ತು?"

ನಾನು ಬಾಯಿ ತೆಗೆಯೋದ್ರೊಳಗೆ ಅಪ್ಪ ಮಾಸ್ಕ್ ಸರಿಸಿ, "ಬ್ಯಾಟ್ರಿ ಹಳೇದಪ್ಪ" ಅಂದ.

ಅಷ್ಟೇ. ಮನೆಗೆ ಬಂದ ಮೇಲೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಒಂದು ಚೀಟಿ ಮೇಲೆ ಲೆಕ್ಕ ಹಾಕಿದೆ. ನೆಬ್ಯುಲೈಸರ್ 100 ವ್ಯಾಟು, ಕಾಲು ಗಂಟೆ ಓಡಿದರೆ 25 ವ್ಯಾಟ್ ಅವರ್. ನನ್ನ ಮಿಲ್ಲು ಕೆಲಸದಲ್ಲಿದ್ದಾಗ ಗೋಡೆಯಿಂದ 200 ವ್ಯಾಟ್ ಎಳೆಯೋದನ್ನ ಮೀಟರ್ ಪ್ಲಗ್ ಹಾಕಿ ನೋಡಿದ್ದೆ. ಅಪ್ಪನ ಒಂದು ಸಲದ ಉಸಿರಿಗೆ ಬೇಕಾದ ಕರೆಂಟನ್ನ ಅದು ಏಳೂವರೆ ನಿಮಿಷದಲ್ಲಿ ತಿಂದಿತ್ತು. ನನ್ನ 'ಹತ್ತು ನಿಮಿಷ'ಕ್ಕಿಂತ ಕಮ್ಮಿ. ಪ್ರಾಸೆಸರಿನ ಪಟ್ಟಿಯಲ್ಲಿ '120 ವ್ಯಾಟ್' ಅಂತ ನಾನು ಹತ್ತು ಸಲ ಓದಿದ್ದೆ. ಕೋರು, ಕ್ಯಾಶು, ಥ್ರೆಡ್ಡು ಎಲ್ಲಾ ಹೋಲಿಸಿದವನು ಆ ಸಾಲನ್ನ ಮಾತ್ರ ಕಣ್ಣಾಡಿಸಿ ಬಿಟ್ಟಿದ್ದೆ. ಕೆಳಗೆ ಎಷ್ಟು ನೀರೈತೆ ಅಂತ ನೋಡಿರಲಿಲ್ಲ.

ಅದರ ಮುಂದಿನ ಭಾನುವಾರ ಮಿಲ್ಲನ್ನ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿ ಬೆಂಗಳೂರಲ್ಲಿರೋ ಭಾವಮೈದನ ಮನೆಗೆ ಬಿಟ್ಟುಬಂದೆ. ಬರುವಾಗ ಒಂದು ಸಾಧಾರಣ ಲ್ಯಾಪ್‌ಟಾಪ್ ತಂದೆ. ಐ5-1135ಜಿ7, ನಾಲ್ಕೇ ಕೋರು. ಊರಲ್ಲಿ ಕೂತು ಮೊಬೈಲ್ ಹಾಟ್‌ಸ್ಪಾಟಲ್ಲೇ ಬೆಂಗಳೂರಿನ ಮಿಲ್ಲಿಗೆ ಲಾಗಿನ್ ಆಗ್ತೀನಿ. ಕಪ್ಪು ಪರದೆಯಲ್ಲಿ ಅಕ್ಷರ ಹೋಗಿ ಬರೋಕೆ ಎಷ್ಟು ಡೇಟಾ ಬೇಕು? ಇಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿ ಇದೆ, ಅಲ್ಲಿ ಮಿಲ್ಲು ತನ್ನ ಪಾಡಿಗೆ ಬೀಸ್ತಾ ಇರುತ್ತೆ. ಒಂದು ಓಡಾಡೋಕೆ, ಒಂದು ದುಡಿಯೋಕೆ. ಇಂಟರ್ವ್ಯೂ ಎರಡನೇ ಪ್ರಯತ್ನಕ್ಕೆ ಪಾಸಾಯ್ತು. ಮೊದಲನೇದರಲ್ಲಿ ಏನು ಕೇಳಿದರು, ನಾನು ಏನು ಹೇಳಿದೆ, ಎರಡೂ ನೆನಪಿಲ್ಲ. ಇನ್ವರ್ಟರಿಗೆ ಹೊಸ ಬ್ಯಾಟರಿಯೂ ಬಂತು. ಅದಕ್ಕೆ ಲೈಟು, ಫ್ಯಾನು, ನೆಬ್ಯುಲೈಸರ್ ಬಿಟ್ಟು ಬೇರೇನೂ ಹಾಕಕೂಡದು ಅನ್ನೋದು ಅವ್ವನ ಆರ್ಡರು.

ಭಾವಮೈದ ಮೂರು ತಿಂಗಳು ತಡೆದು ಫೋನ್ ಮಾಡಿದ. "ಭಾವ, ಈ ಮಿಲ್ಲು ಸುಮ್ನೆ ಕೂತಿದ್ರೂ ಎಷ್ಟು ಎಳೆಯುತ್ತೆ?" ಸುಮಾರು 100 ವ್ಯಾಟು ಅಂದೆ. ಅವನು ಬ್ಯಾಂಕಿನವನು, ಲೆಕ್ಕ ಬಾಯಲ್ಲೇ ಬಂತು. "ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72." ಅವತ್ತಿಂದ ಕರೆಂಟ್ ಬಿಲ್ಲಿನಲ್ಲಿ ನನ್ನ ಪಾಲು ಕಳಿಸ್ತೀನಿ, ಬೇಕಾದಾಗ ಮಾತ್ರ ಆನ್ ಮಾಡಿಸ್ತೀನಿ.

ಟೀ ಆರಿಹೋಗಿತ್ತು. ಹುಡುಗ ಇನ್ನೂ ಉತ್ತರಕ್ಕೆ ಕಾಯ್ತಿದ್ದ. ಈ ಕಥೆಯೆಲ್ಲ ಹೇಳೋಕೆ ಹೋಗಲಿಲ್ಲ. ಕೇಳಿದ್ದು ಎರಡೇ ಪ್ರಶ್ನೆ.

"ಒಂದೇ ಸಮ ಎಷ್ಟು ಹೊತ್ತು ಓಡುಸ್ತೀಯ?"

"ರಾತ್ರಿ ಒಂದೆರಡು ಗಂಟೆ ಅಣ್ಣಾ. ವೀಕೆಂಡಲ್ಲಿ ಜಾಸ್ತಿ."

"ಎಲ್ಲಿ ಇಡ್ತೀಯ?"

"ಪಿಜಿಯಲ್ಲಿ. ನಾಲ್ಕು ಜನ ಒಂದು ರೂಮು. ಪ್ಲಗ್ ಪಾಯಿಂಟು..." ಅಂತ ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಸ್ವಲ್ಪ ಹೊತ್ತು ಯೋಚಿಸಿ, "ಎರಡೇ ಇರೋದು ಅಣ್ಣಾ" ಅಂದ.

ಅವನು ಏನು ತಗೊಂಡ ಅಂತ ಇನ್ನೂ ಕೇಳಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿದಾಗ ಈ ವಿಷಯ ಹೇಳಿದೆ. ಅಪ್ಪ ನಕ್ಕ, ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದ. "ನಿನ್ ಮಿಲ್ಲು ಇನ್ನೂ ಓಡ್ತೈತಾ?"

"ಓಡ್ತಿದೆ ಅಪ್ಪ."

"ಓಡ್ಲಿ ಬಿಡು. ದುಡ್ಡು ಕೊಟ್ಟಿದೀಯ" ಅಂದ.