ಪಾದಗಳು ನುಡಿಸುವ ಸ್ವರ

ಅರವತ್ತು ದಾಟಿದ ಮೇಲೆ ಜಪಕ್ಕೆ ಕುಳಿತರೆ ಬೆರಳು ರುದ್ರಾಕ್ಷಿಯ ಮಣಿಗಳನ್ನೆಣಿಸುತ್ತದೆ, ಮನಸ್ಸು ಮಾತ್ರ ಎಲ್ಲಿಯೋ ಅಲೆಯುತ್ತದೆ. ಇಂಥ ಜಪವೇಕೆಂದು ನಡುವೆಯೇ ಎದ್ದದ್ದೂ ಉಂಟು. ಆ ದಿನಗಳಲ್ಲಿ ಶಿಷ್ಯರೊಬ್ಬರು ಜರ್ಮನಿಯ ಬಾಖ್ (1685–1750) ಆರ್ಗನ್ ವಾದ್ಯಕ್ಕೆ ರಚಿಸಿದ ಸಿ ಮೈನರ್ ಪಾಸಕಾಲ್ಯಾವನ್ನು ನಮಗೆ ಕೇಳಿಸಿದರು.

ಚರ್ಚುಗಳ ಈ ಮಹಾವಾದ್ಯದಲ್ಲಿ ಕೈಗಳಿಗಿರುವಂತೆ ಪಾದಗಳಿಗೂ ಕೀಲಿಮಣೆಯುಂಟು. 8 ಆವರ್ತಗಳ ಒಂದು ಮಂದ್ರ ಸ್ವರಪಂಕ್ತಿಯನ್ನು ಮೊದಲು ಪಾದಗಳು ಮಾತ್ರ ನುಡಿಸುತ್ತವೆ; ಬಳಿಕ ಅದರ ಮೇಲೆ 20 ವಿಸ್ತಾರಗಳು, ಕಡೆಗೊಂದು ಫ್ಯೂಗ್. ಆ ಪಂಕ್ತಿಯ ಪೂರ್ವಾರ್ಧವಾದರೋ 1688ರಲ್ಲಿಯೇ ಫ್ರಾನ್ಸಿನ ಆಂದ್ರೆ ರೇಜೋ ಪ್ರಕಟಿಸಿದ ಕೃತಿಯಲ್ಲಿದೆ. ಬೀದಿಯಲ್ಲಿ ನಡೆಯುವುದೆಂಬ ಅರ್ಥದ ಸ್ಪ್ಯಾನಿಷ್ ಮಾತಿನಿಂದ ಬಂದ ಹೆಸರು ಚರ್ಚಿನ ವಾದ್ಯವನ್ನು ಸೇರಿದ್ದು ಸೋಜಿಗವೇ ಸರಿ!

ನಡುವೆ ಆ ಪಂಕ್ತಿ ಪಾದಗಳನ್ನು ತೊರೆದು ಮೇಲಿನ ಸ್ವರಗಳಿಗೇರುತ್ತದೆ, ಅನಂತರ ಬಿಡಿಬಿಡಿಯಾಗಿ ಚೆದುರುತ್ತದೆ. ಮೊದಲ ಸಲ ಅದು ಕಳೆದೇಹೋಯಿತೆಂದು ಬಗೆದೆವು. ಮತ್ತೆ ಹಾಕಿಸಿಕೊಂಡು ಕೇಳಿದೆವು. ಮೂರನೆಯ ಸಲಕ್ಕೆ ಆ ಚೆದುರಿದ ಸ್ವರಗಳೊಳಗೆ ಅದರ ಗುರುತು ಹತ್ತಿತು. 16ನೆಯ ವಿಸ್ತಾರದಲ್ಲಿ ಅದು ಪಾದಗಳಿಗೇ ಮರಳಿತು.

ಮರುದಿನದ ಪೂಜೆಯಲ್ಲಿಯೂ ಮನಸ್ಸು ಚೆದುರಿತು. ನಾವು ಏಳದೆ ಕುಳಿತೇ ಇದ್ದೆವು.